ಅರ್ಧಕ್ಕಿಳಿಯಿತು, ಎಷ್ಟರ ಅರ್ಧ?

ಪ್ರಸೂತಿಯಾದೊಡನೆ ನುಂಗಿಸುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆಯು 2002ರಿಂದ 2005ರ ವರೆಗೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ಸ್ತ್ರೀಯರಲ್ಲಿ ನಡೆದು, ಅದರ ಫಲಿತಾಂಶವು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದುದು ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ನೂರಕ್ಕೆ 12 ಜನರಿಗೆ ಅತಿರಕ್ತಸ್ರಾವವಾಯಿತು. ಔಷಧ ಪಡೆದವರಲ್ಲಿ 6.4. ತೀವ್ರ ಸ್ರಾವವಂತೂ ನೂರಕ್ಕೆ 1.2ರಿಂದ 0.2ಕ್ಕಿಳಿಯಿತು.

ಈ ಕೊನೆಯ ಇಳಿತವನ್ನು ‘ಸುಮಾರು ಶೇಕಡಾ 80’ ಎಂದು ಸಾರಬಹುದು. ‘ನೂರಕ್ಕೆ ಒಂದು’ ಎಂದೂ ಹೇಳಬಹುದು. ಎರಡೂ ಸುಳ್ಳಲ್ಲ. ಔಷಧ ಮಾರುವವನು ಮೊದಲನೆಯದನ್ನೂ, ವೆಚ್ಚಕ್ಕೆ ಹಿಂಜರಿಯುವ ಅಧಿಕಾರಿಯು ಎರಡನೆಯದನ್ನೂ ಆರಿಸಿಕೊಳ್ಳುವದು ಮನುಷ್ಯಸ್ವಭಾವ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಚೇರಿಗಳಲ್ಲಿ ಕುಳಿತವರಿಗೆ ಬೇಕಾದ ಲೆಕ್ಕವೇ ಬೇರೆ. ಎಷ್ಟು ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ಅತಿಸ್ರಾವ ತಪ್ಪುವದು? ಆ ಸಂಶೋಧಕರೇ ಉತ್ತರವಿತ್ತಿರುವರು: 18. ಅಂದರೆ ಸಾವಿರ ಹೆರಿಗೆಗಳಲ್ಲಿ ಐವತ್ತಕ್ಕೂ ಮಿಕ್ಕ ತಾಯಂದಿರು! ಆದರೆ ಇದು ಆ ಹಳ್ಳಿಗಳಲ್ಲಿ ಮೊದಲಿದ್ದ ಪ್ರಮಾಣಕ್ಕೆ ಹೊಂದಿದ ಲೆಕ್ಕ. ಬೇನೆಯು ವಿರಳವಾಗಿರುವಲ್ಲಿ ಅದೇ ಶೇಕಡಾವಾರು ಇಳಿತದಿಂದ ಪಾರಾಗುವವರು ಕಡಿಮೆ.

ಆದುದರಿಂದ ಆರೋಗ್ಯದ ಏರಿಳಿತವನ್ನು ಹೇಳುವ ಪ್ರತಿಯೊಂದು ವರದಿಯಲ್ಲಿ ಮೊದಲಿನ ಪ್ರಮಾಣವನ್ನೂ ಅಚ್ಚು ಹಾಕಬೇಕೆಂದು ನಾವು ಒತ್ತಾಯಿಸುವೆವು. ಈ ವಿಷಯದಲ್ಲಿ ಪತ್ರಿಕೆಗಳು, ನಮ್ಮದೂ ಸೇರಿ, ನಿರಪರಾಧಿಗಳಲ್ಲ.