ನಗುಮೊಗವೂ ಕೂಲಿಯೂ

ಕುಂದಗೋಳ ತಾಲೂಕಿನ ಸಂಶಿಯಂಥ ಊರುಗಳಿಂದ ದುಡಿಮೆಗಾಗಿ ಹುಬ್ಬಳ್ಳಿಗೆ ಹೋಗುವ ತರುಣರಿಗೆ ಇತ್ತಿತ್ತಲಾಗಿ ಒಂದು ಹೊಸ ಉದ್ಯೋಗವು ಒದಗಿದೆ. ಮೊಬೈಲಿನಲ್ಲಿ ಬಂದ ಬೇಡಿಕೆಯಂತೆ ಊಟವನ್ನೋ ಸಾಮಾನನ್ನೋ ಮೋಟಾರು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುವುದೇ ಆ ಉದ್ಯೋಗ. ಗಿರಾಕಿಗೆ ಕಳಿಸುವ ಸಂದೇಶದ ಕೊನೆಗೆ ಎಮೋಜಿಯೆಂಬ ನಗುಮೊಗದ ಚಿತ್ರವೊಂದನ್ನು ಸೇರಿಸಿದರೆ ಬಕ್ಷೀಸು ಹೆಚ್ಚು ದೊರೆಯುವುದೆಂದು ಇವರಿಗೆ ಉಪದೇಶಿಸುವವರುಂಟು. ಈ ಉಪದೇಶದಲ್ಲಿ ಹುರುಳೆಷ್ಟು?

ಮೊಬೈಲಿನ ಎಮೋಜಿ ಬರುವುದಕ್ಕೆ ಮೊದಲೇ ಇಂಥದೊಂದು ಪರೀಕ್ಷೆ ನಡೆದಿತ್ತು. ಬ್ರೂಸ್ ರಿಂಡ್, ಪ್ರಶಾಂತ ಬೋರ್ಡಿಯಾ ಎಂಬ ಇಬ್ಬರು ಸಂಶೋಧಕರು ಅಮೇರಿಕದ ಫಿಲಡೆಲ್ಫಿಯಾದ ಉಪಾಹಾರಗೃಹವೊಂದರಲ್ಲಿ, ಬಡಿಸುವವರು ಬಿಲ್ಲಿನ ಹಿಂಬದಿಗೆ ನಗುಮೊಗವನ್ನು ಬರೆದರೆ ಏನಾಗುವುದೆಂದು ನೋಡಿ 1996ರಲ್ಲಿ ಪ್ರಕಟಿಸಿದರು. ಬಡಿಸುವ ಹೆಂಗಸಿಗೆ ಬಕ್ಷೀಸು ಹೆಚ್ಚಿತು, ಗಂಡಸಿಗೆ ಹೆಚ್ಚಲಿಲ್ಲ. ಗಂಡಸಿಗೆ ಇದು ಒಪ್ಪುವುದಿಲ್ಲವೆಂದು ಗಿರಾಕಿಗಳು ಭಾವಿಸಿರಬಹುದೆಂದು ಸಂಶೋಧಕರ ಊಹೆ. ನಮ್ಮಲ್ಲಿ ಈ ಕೆಲಸಕ್ಕೆ ಇಳಿದವರು ಬಹುಮಟ್ಟಿಗೆ ಗಂಡಸರೇ. ಮೇಲಾಗಿ ಎಷ್ಟೋ ಸಲ ಗಿರಾಕಿಯು ಬೇಡಿಕೆ ಕೊಡುವಾಗಲೇ ಬಕ್ಷೀಸನ್ನು ಸೇರಿಸುತ್ತಾನೆ, ಇಲ್ಲವೆ ಬಿಡುತ್ತಾನೆ. ನಗುಮೊಗವು ಬರುವಷ್ಟರಲ್ಲಿ ಲೆಕ್ಕವು ಮುಗಿದಿರುತ್ತದೆ.

ಆದರೂ ನಗುಮೊಗದಿಂದ ನಾಲ್ಕು ಕಾಸು ಹೆಚ್ಚು ಬರುವುದೆಂದೇ ಇಟ್ಟುಕೊಳ್ಳೋಣ. ನಮ್ಮ ಆಕ್ಷೇಪಣೆಯು ಆಗಲೂ ಹಿಂಗದು. ನಮ್ಮ ಹಳ್ಳಿಗಳಲ್ಲಿ ಬಡಿಗ, ಕಮ್ಮಾರ ಮೊದಲಾದ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದ ಮೇಲೆಯೇ ಆಯವನ್ನು ಅಳೆದು ಕೊಡುತ್ತಿದ್ದರು. ಹಬ್ಬಹುಣ್ಣಿವೆಗೆ ಕೊಡುವ ಖುಷಿಯ ಮಾತು ಬೇರೆ. ಆಯಗಾರನು ನಕ್ಕರೂ ನಗದಿದ್ದರೂ ಆಯವು ಅವನ ಹಕ್ಕು. (ಆ ಪದ್ಧತಿಯಲ್ಲಿ ಜಾತಿಯ ಕಟ್ಟೂ ಮೇಲು-ಕೀಳೂ ಇದ್ದುವು, ಅದನ್ನು ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ.) ಇಂದಿನ ಕಂಪನಿಗಳು ಆಯವನ್ನು ತಗ್ಗಿಸಿ, ಖುಷಿಯ ಆಸೆಯಿಂದ ತರುಣನ ಹೊಟ್ಟೆಯನ್ನು ತುಂಬಿಸಲೆತ್ನಿಸಿದರೆ, ಮಳೆಯಲ್ಲಿ ತೊಯ್ದು ಬಂದವನು ಬಾಗಿಲಲ್ಲಿ ನಿಂತು ಮುಖದ ಮೇಲೆ ನಗೆಯನ್ನು ಹಚ್ಚಿಕೊಳ್ಳಬೇಕಾಗುತ್ತದೆ. ಸ್ವತಂತ್ರ ದೇಶದ ದುಡಿಮೆಗಾರನಿಗೆ ಇದು ತಕ್ಕುದಲ್ಲ.

ಕರ್ನಾಟಕ ಸರಕಾರವು 2025ರಲ್ಲಿ ಮೊದಲು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಳಿಕ ವಿಧಾನಮಂಡಲದಲ್ಲಿ ಈ ಕೆಲಸಗಾರರ ಸಲುವಾಗಿ ಕಾಯಿದೆಯನ್ನೇ ಮಾಡಿದೆ. ಕಂಪನಿಯು ಕೆಲಸಗಾರನಿಗೆ ಪ್ರತಿಯೊಂದು ಕೆಲಸಕ್ಕೆ ಕೊಡುವ ಹಣದ ಮೇಲೆ ಪ್ರತಿಶತ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ತೆರಬೇಕೆಂದೂ, ಅವನ ಹೆಸರು ನೋಂದಣಿಯಾಗಬೇಕೆಂದೂ, ಕಾರಣವನ್ನು ತಿಳಿಸದೆ ಅವನನ್ನು ಕೆಲಸದಿಂದ ತೆಗೆಯಕೂಡದೆಂದೂ ಅದರಲ್ಲಿ ವಿಧಿಸಿದೆ. ಇದು ಮೆಚ್ಚತಕ್ಕ ಸಂಗತಿ. ಆದರೆ ಕಾಯಿದೆಯು ಬೆಂಗಳೂರಿನಲ್ಲಿ ಹುಟ್ಟಿತೆಂದ ಮಾತ್ರಕ್ಕೆ ಸಂಶಿಯ ಹುಡುಗನ ಕಿವಿಗೆ ಬಿತ್ತೆಂದು ಅಧಿಕಾರಿಗಳು ತಿಳಿಯಕೂಡದು. ಧಾರವಾಡ ಜಿಲ್ಲೆಯ ಕಾರ್ಮಿಕ ಇಲಾಖೆಯವರು ಕಾಯಿದೆಯ ಮುಖ್ಯ ಕಲಮುಗಳನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಗ್ರಾಮ ಪಂಚಾಯತಿಗಳ ಕಟ್ಟೆಗೂ ರೈಲು ನಿಲ್ದಾಣಗಳಿಗೂ ಅಂಟಿಸಲಿ. ಜಿಲ್ಲೆಯಲ್ಲಿ ಎಷ್ಟು ಜನರ ಹೆಸರು ನೋಂದಣಿಯಾಗಿದೆಯೆಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಆ ಅಂಕೆಗಳನ್ನು ಅಚ್ಚು ಮಾಡಲು ನಾವು ಸಿದ್ಧರಿದ್ದೇವೆ.