ಹಳ್ಳದ ಹೊಣೆ ಯಾರದು?

ಮಾಂಜ್ರಾ ನದಿಗೆ ಹೆಸರಿದೆ, ಮೂರು ರಾಜ್ಯಗಳ ನಡುವೆ ಅದರ ನೀರಿಗೆ ಲೆಕ್ಕವಿದೆ. ಕಾರಂಜಾ ಜಲಾಶಯ ಎಷ್ಟು ತುಂಬಿತು ಎಂಬುದು ಮಳೆಗಾಲದಲ್ಲಿ ಸುದ್ದಿಯಾಗುತ್ತದೆ. ಇವೆರಡಕ್ಕೂ ನೀರು ತರುವ ಹಳ್ಳಗಳನ್ನು ಮಾತ್ರ ಕೇಳುವವರಿಲ್ಲ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಸೀಮೆಯಲ್ಲಿ ಎಷ್ಟೋ ಕಡೆ ಹಳ್ಳವೇ ಎರಡು ಊರುಗಳ ಗಡಿ. ಎರಡು ಊರಿನದೂ ಆಗಬೇಕಿದ್ದ ನೀರು ಯಾರದೂ ಅಲ್ಲದ್ದಾಗಿದೆ. ಕಸ, ಒತ್ತುವರಿ ಎಲ್ಲವೂ ಆ ಅಂಚಿಗೇ ಬರುತ್ತವೆ.

ದಂಡೆಯ ಹೊಲದವರು ನೋಡಿಕೊಳ್ಳಲಿ ಎನ್ನುವುದು ಸುಲಭ. ಆದರೆ ಹಳ್ಳ ಹುಟ್ಟುವುದು ಅವರ ಹೊಲದಲ್ಲಲ್ಲ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಮೇಲೆ. ತೂತುತೂತಾದ ಆ ಕಲ್ಲು ಮಳೆಯನ್ನು ಕುಡಿಯುತ್ತದೆ. ಅಡಿಯ ಜೇಡಿ ಮತ್ತು ಕರಿಕಲ್ಲು ನೀರನ್ನು ತಡೆಯುತ್ತವೆ. ಎರಡೂ ಕೂಡುವ ದಿಬ್ಬದ ಅಂಚಿನಲ್ಲಿ ಒರತೆ ಏಳುತ್ತದೆ, ಹಳ್ಳಕ್ಕೆ ಇಳಿಯುತ್ತದೆ. ನಾನಕ್ ಝೀರಾ ಗುರುದ್ವಾರದ ಝರಿಯೂ ಈ ನೆಲದ್ದೇ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದಿನ ಸುರಂಗ ಬಾವಿ ತೋಡಿದವರಿಗೆ ಈ ಗುಟ್ಟು ಗೊತ್ತಿತ್ತು. ನೆಲದೊಳಗಿನ ಕಾಲುವೆಗೆ ದಾರಿಯುದ್ದಕ್ಕೂ ಗಾಳಿಬಾವಿಗಳನ್ನಿಟ್ಟರು. ನೀರು ಇಂಗುವ, ಹರಿಯುವ, ಮೇಲೆ ಬರುವ ತಾಣಗಳನ್ನು ಅವರು ಒಂದೇ ಕೆಲಸವಾಗಿ ಕಂಡರು. ನಾವು ಆ ಮೂರನ್ನೂ ಬೇರೆ ಬೇರೆ ಕಚೇರಿಗಳಿಗೆ ಹಂಚಿದ್ದೇವೆ. ಮೇಲೆ ಬಡಾವಣೆಯ ಕಾಂಕ್ರೀಟು ಹರಡಿದಷ್ಟೂ ಕೆಳಗಿನ ಒರತೆ ಸೊರಗುತ್ತದೆ.

ಔರಾದಿನ ಕಡೆಯ ಕಥೆ ಬೇರೆ. ಅಲ್ಲಿ ಹೆಚ್ಚು ಕರಿಮಣ್ಣು. ಒಮ್ಮೆ ನೆನೆದು ಉಬ್ಬಿದ ಮೇಲೆ ಅದು ನೀರು ಒಳಗೆ ಬಿಡುವುದು ಕಡಿಮೆ. ಜೋರು ಮಳೆ ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಇಳಿಯುತ್ತದೆ. ಜೆಸಿಬಿ ತಂದು ಹಳ್ಳವನ್ನು ಆಳ ಮಾಡಿದರೆ ಒಂದೆರಡು ವರ್ಷ ನೀರು ನಿಂತೀತು. ಮೇಲಿನ ಹೊಲಗಳಿಗೆ ಬದು ಇಲ್ಲದಿದ್ದರೆ ಹೂಳು ಮತ್ತೆ ತುಂಬುತ್ತದೆ. ತಗ್ಗಿನಲ್ಲಿ ಖರ್ಚು ಮಾಡುವ ಹಣದ ದೊಡ್ಡ ಪಾಲು ಏರಿನ ಬದುಗಳಿಗೆ ಹೋಗಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಪ್ರತಿ ಊರೂ ತನ್ನ ಚೆಕ್ ಡ್ಯಾಂ ಕಟ್ಟಿಕೊಂಡರೆ ಸಾಲದೇ ಎನ್ನುವವರಿದ್ದಾರೆ. ಬರಗಾಲ ಕಂಡ ರೈತ ಹಾಗೆ ಕೇಳುವುದು ನ್ಯಾಯವೇ. ಆದರೆ ಮಳೆ ಕಡಿಮೆಯಾದ ವರ್ಷ ಮೇಲಿನ ಊರಿನ ಒಡ್ಡು ತುಂಬಿದ ಮೇಲೆ ಕೆಳಗಿನ ಊರಿಗೆ ಉಳಿಯುವುದು ಬರೀ ಮರಳು. ಒಡ್ಡಿನ ಎತ್ತರವನ್ನು ಒಂದು ಪಂಚಾಯಿತಿ ಒಬ್ಬಂಟಿಯಾಗಿ ತೀರ್ಮಾನಿಸಬಾರದು.

ಮಿರಗಿನ ಮಳೆಗೆ ಮುಂಚೆ ಒಂದೇ ಹಳ್ಳದ ಊರುಗಳೆಲ್ಲ ಒಂದು ಕಡೆ ಸಭೆ ಸೇರಲಿ. ಒರತೆಯ ನೆಲ ನಗರದಲ್ಲಿದ್ದರೆ ನಗರದ ಆಡಳಿತದವರೂ ಆ ಸಭೆಗೆ ಬಂದು ಕೂರಲಿ.