ನೀರು ತುಂಬುವ ಹಬ್ಬದ ರಾತ್ರಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಮನೆಯೊಳಕ್ಕೆ ನೀರೇ ನುಗ್ಗಿದಾಗ ನಳದ ಕೆಲಸದವನನ್ನು ಹುಡುಕಿಕೊಂಡು ಹೊರಟವರ ಪಾಡನ್ನು ಕುರಿತು ಹಿರಿಯರು ಗಾದೆಯನ್ನೇನೂ ಕಟ್ಟಿದಂತಿಲ್ಲ. ಆ ಕೊರತೆಯನ್ನು ತುಂಬಿಕೊಡುವ ಭಾಗ್ಯ ನಮ್ಮ ಮನೆಗೇ ಬಂದಿತು.

ಕೆಲವು ವರ್ಷಗಳ ಹಿಂದಿನ ಮಾತು. ಹೊಸಪೇಟೆಯ ನಮ್ಮ ಮನೆಯಲ್ಲಿ ದೀಪಾವಳಿಯ ಸಡಗರ. ಕಂಪ್ಲಿಯಿಂದ ನಾದಿನಿಯ ಸಂಸಾರವೂ ಸಂಡೂರಿನಿಂದ ಮಗಳು ಅಳಿಯಂದಿರೂ ಮಕ್ಕಳೊಡನೆ ಬಂದಿದ್ದರು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬವಷ್ಟೆ? ಹಂಡೆಗೆ ಬದಲಾಗಿ ಈಗ ಬಚ್ಚಲಿನ ಗೋಡೆಗೆ ಗೀಸರ್ ಬಂದಿದ್ದರೂ ಸಂಪ್ರದಾಯ ಬಿಡಬಾರದೆಂದು ಒಂದು ತಾಮ್ರದ ಕೊಡವನ್ನು ಬೆಳಗಿ, ಸುಣ್ಣದ ಪಟ್ಟೆ ಎಳೆದು, ಹೂವೇರಿಸಿ ನೀರು ತುಂಬಿಟ್ಟೆವು. ರಾತ್ರಿ ಹತ್ತರ ಹೊತ್ತಿಗೆ ಬಚ್ಚಲಿನಲ್ಲಿ ಪಟಾಕಿ ಸಿಡಿದಂತೆ ಒಂದು ಸದ್ದು. ಗೀಸರಿನ ಬಿಸಿನೀರಿನ ಕೊಳವೆ ಬಾಯಿಬಿಟ್ಟಿತ್ತು.

ಅಳಿಯಂದಿರು ಟವೆಲು ಸುತ್ತಿದರು. ನಮ್ಮ ಮನೆಯವರು ಕೊಡೆ ಹಿಡಿದು ಒಳಹೊಕ್ಕು, ಹೊಕ್ಕಷ್ಟೇ ವೇಗದಲ್ಲಿ ಹೊರಬಂದರು. ನೀರನ್ನು ನಿಲ್ಲಿಸುವ ವಾಲ್ವು ಎಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳಿದೆವೇ ಹೊರತು ಬಲ್ಲವರೊಬ್ಬರೂ ಇರಲಿಲ್ಲ. ಹದಿನೇಳು ವರ್ಷ ಬಾಳಿದ ಮನೆ! ಮಾಳಿಗೆಯ ತೊಟ್ಟಿ ಬರಿದಾಗುವವರೆಗೆ ನೀರು ಹರಿದು ಪಡಸಾಲೆಯನ್ನು ಸೇರಿತು. ಮೊಮ್ಮಕ್ಕಳು ಕಾಗದದ ದೋಣಿಗಳನ್ನು ತೇಲಿಬಿಟ್ಟರು. ಹಬ್ಬದ ಹೆಸರು ಅಂದು ಸಾರ್ಥಕವಾಯಿತು.

ವಿದ್ಯುತ್ ಕಂಬಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಒಂದು ದೂರವಾಣಿ ಸಂಖ್ಯೆ ಸಿಕ್ಕಿತು. ಬಂದ ಯುವಕ ಮೊದಲು ಹಣ ಕೇಳಿದ. ಆರು ಟೈಲ್ಸುಗಳನ್ನು ಒಡೆದ. ಒಂದು ತುಂಡು ಕೊಳವೆಯನ್ನು ಗೋಂದಿನಿಂದ ಅಂಟಿಸಿ ಕಾಲು ಗಂಟೆಯಲ್ಲಿ ಹೊರಟುಹೋದ. ಹಬ್ಬದ ಎಣ್ಣೆಸ್ನಾನವೇನೋ ನಡೆಯಿತು. ಬಲಿಪಾಡ್ಯಮಿಯ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಸದ್ದು. ಆ ಸಂಖ್ಯೆಗೆ ಎಷ್ಟು ಬಾರಿ ಕರೆದರೂ ಉತ್ತರವಿಲ್ಲ.

ಆಗ ನಮ್ಮ ಬೀದಿಯ ಕಬ್ಬಿಣದ ಸಾಮಾನಿನ ಅಂಗಡಿಯವರು ಒಬ್ಬ ಹಿರಿಯರನ್ನು ಕಳುಹಿಸಿಕೊಟ್ಟರು. ಹೆಗಲಲ್ಲಿ ಹಳೆಯ ಚೀಲ. ಅದರಲ್ಲಿ ಪೈಪ್ ರೆಂಚು, ಗರಗಸ, ಒಂದು ಸುತ್ತು ಟೇಪು. ಒಡೆದ ಜಾಗವನ್ನು ಅವರು ನೋಡಲೇ ಇಲ್ಲ.

"ಅಮ್ಮಾ, ನೀರು ಬಂದ್ ಮಾಡೋ ವಾಲ್ವು ಎಲ್ಲೈತ್ರಿ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ. ಅವರೇ ಮಾಳಿಗೆ ಹತ್ತಿ, ತೊಟ್ಟಿಯ ಬುಡದಲ್ಲಿದ್ದ ವಾಲ್ವನ್ನು ಹುಡುಕಿ ತಿರುಗಿಸಿದರು. ಬಳಿಕ ಕೊಳವೆಯ ತುಂಡನ್ನು ಕೈಯಲ್ಲಿ ಹಿಡಿದು ತೋರಿಸಿದರು. "ಇದು ತಣ್ಣೀರಿನ ಪೈಪ್ ರೀ. ಬಿಸಿನೀರು ಹೋದ್ರೆ ಮೆತ್ತಗಾಗಿ ಸೀಳ್ತೈತಿ."

ಸಾಮಾನ್ಯ ಪಿವಿಸಿ ಕೊಳವೆ ಗೀಸರಿನ ಬಿಸಿಯನ್ನು ತಾಳಲಾರದು. ಅದಕ್ಕೆಂದೇ ಸಿಪಿವಿಸಿ ಎಂಬ ಬೇರೆ ಜಾತಿಯ ಕೊಳವೆ ಇದೆ. ಅದಕ್ಕೆ ಅಂಟೂ ಬೇರೆ. ಮನೆ ಕಟ್ಟುವಾಗ ಒಮ್ಮೆ, ಆ ಯುವಕನಿಂದ ಇನ್ನೊಮ್ಮೆ, ನಾವು ಒಂದೇ ತಪ್ಪಿಗೆ ಎರಡು ಬಾರಿ ಹಣ ತೆತ್ತಿದ್ದೆವು. ಹಿರಿಯರು ಸರಿಯಾದ ಕೊಳವೆ ಕೂಡಿಸಿ, "ಮೂರು ದಿನ ನೋಡ್ರಿ, ಒಸರದಿದ್ರೆ ಆಮೇಲೆ ಟೈಲ್ಸ್ ಹಾಕಸ್ರಿ" ಎಂದರು. ಸಾಮಾನಿನ ಬೆಲೆ, ಕೂಲಿ ಎರಡನ್ನೂ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆದುಕೊಟ್ಟರು. ಕೂಲಿ ಮೊದಲಿನವನಿಗಿಂತ ಹೆಚ್ಚೇ ಇತ್ತು. ನಮ್ಮ ಮನೆಯವರು ಹುಬ್ಬೇರಿಸಿದರು. ನೆನೆದ ಗೋಡೆಯನ್ನು ನಾನು ಬೆರಳು ಮಾಡಿ ತೋರಿಸಿದೆ, ಹುಬ್ಬು ಇಳಿಯಿತು.

ಒಳ್ಳೆಯ ಕೆಲಸಗಾರನನ್ನು ಅರಸುವುದು ನಮ್ಮ ಸೀಮೆಗೆ ಹೊಸತಲ್ಲ. ಕೃಷ್ಣದೇವರಾಯನು ಇದೇ ಊರಿನ ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದಾಗ ಕಟ್ಟೆ ಎರಡು ಮೂರು ಬಾರಿ ಒಡೆಯಿತೆಂದು 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಅರಸನು ಗೋವೆಯಿಂದ ಕಲ್ಲುಕೆಲಸದ ಪರಿಣತನೊಬ್ಬನನ್ನು ಕರೆಸಿಕೊಂಡನೆಂದೂ, ಆತ ಗಾರೆಗೆ ಸುಣ್ಣ ಬೇಕೆಂದಾಗ ಅರಸನು ನಕ್ಕನೆಂದೂ ನ್ಯೂನಿಜ್ ಹೇಳುತ್ತಾನೆ. ಕೆಲಸಗಾರ ಕೇಳಿದ ಸಾಮಗ್ರಿಯನ್ನು ಕಂಡು ನಗುವ ಯಜಮಾನರು ಅಂದೂ ಇದ್ದರು! ಹಂಪಿಯ ಅರಮನೆಯ ಆವರಣದಲ್ಲಿ ಮೆಟ್ಟಿಲುಗಳ ಪುಷ್ಕರಣಿಯತ್ತ ಸಾಗುವ ಕಲ್ಲಿನ ದೋಣಿಗಾಲುವೆಯನ್ನು ನೋಡಿದಾಗಲೆಲ್ಲ, ನೀರಿನ ಇಳಿಜಾರನ್ನು ಅಷ್ಟು ನಿಖರವಾಗಿ ಅಳೆದವರು ಯಾರೋ ಎಂದು ನನಗೆ ಅನಿಸುತ್ತದೆ.

ನಮ್ಮ ಕಾಲದ ನಿದರ್ಶನವೂ ಉಂಟು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು, ಸರಪಳಿ ತುಂಡಾಗಿ, 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು. ಊರಿಗೆ ಊರೇ ಎದೆ ಹಿಡಿದು ಕುಳಿತಿತು. ಭಾರವನ್ನು ತಗ್ಗಿಸಲು ಉಳಿದ ಗೇಟುಗಳನ್ನು ತೆರೆಯಲಾಯಿತು. ಗೇಟುಗಳ ಪರಿಣತರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಜಲಾಶಯವಾಗಲಿ ಬಚ್ಚಲಾಗಲಿ, ಆಪತ್ತಿನಲ್ಲಿ ಯಾರನ್ನು ಕರೆಯಬೇಕೆಂಬುದು ಮೊದಲೇ ತಿಳಿದಿರುವುದು ಅರ್ಧ ದುರಸ್ತಿಗೆ ಸಮಾನ.

ಆದ್ದರಿಂದ ನನ್ನ ಅನುಭವದ ನಾಲ್ಕು ಮಾತುಗಳನ್ನು ಇಲ್ಲಿ ಇಡುತ್ತೇನೆ. ಕೆಲಸಗಾರನನ್ನು ಆಪತ್ತಿಲ್ಲದ ದಿನ ಹುಡುಕಿರಿ. ಒಸರುವ ನಳವೊಂದರ ಸಣ್ಣ ಕೆಲಸ ಕೊಟ್ಟು ಅವನ ಕೈಯನ್ನು ನೋಡಿರಿ. ಸಾಮಾನಿನ ಅಂಗಡಿಯವರನ್ನೂ ನೆರೆಯವರನ್ನೂ ವಿಚಾರಿಸಿರಿ. ಹತ್ತಿರದವನೇ ಲೇಸು; ಸಂಡೂರಿನಲ್ಲಿರುವ ನಿಪುಣನು ನಡುರಾತ್ರಿ ಹೊಸಪೇಟೆಗೆ ಬರಲಾರ, ಹೊಸಪೇಟೆಯವನು ಕಂಪ್ಲಿಗೆ ಹೋಗಲಾರ. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿರಿ, ಚೀಟಿ ಪಡೆಯಿರಿ, ಪೂರ್ತಿ ಹಣವನ್ನು ಕೆಲಸ ಮುಗಿದ ಮೇಲೆಯೇ ಕೊಡಿರಿ. ಆದರೆ ಕೊಡುವಾಗ ಸತಾಯಿಸಬೇಡಿರಿ. ಗೋಡೆಯೊಳಗೆ ಕೊಳವೆಗಳು ಹಾದುಹೋದ ದಾರಿಯನ್ನು ಮುಚ್ಚುವ ಮೊದಲು ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳಿರಿ. ಎಲ್ಲ ನಳಗಳನ್ನೂ ನಿಲ್ಲಿಸಿದ ಮೇಲೂ ಮೀಟರು ತಿರುಗುತ್ತಿದ್ದರೆ, ಎಲ್ಲಿಯೋ ನೀರು ಕದ್ದು ಹರಿಯುತ್ತಿದೆಯೆಂದು ತಿಳಿಯಿರಿ.

ಇನ್ನೊಂದು ಮಾತನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಮರುವರ್ಷ ನಮ್ಮ ಹಿತ್ತಲಿನ ಶೌಚದ ಗುಂಡಿ ಕಟ್ಟಿಕೊಂಡಿತು. ಗಾಡಿ ತರಿಸುವುದೇಕೆ, ಒಬ್ಬ ಹುಡುಗನನ್ನು ಇಳಿಸಿದರೆ ಅರ್ಧ ಗಂಟೆಯ ಕೆಲಸವೆಂದು ನಾವು ಮಾತಾಡಿಕೊಂಡೆವು. ಹುಡುಗನೂ ಸಿದ್ಧನಾಗಿದ್ದ, ಅವನಿಗೆ ಹಣದ ಅಗತ್ಯವಿತ್ತು. ಅದೇ ಹಿರಿಯರು ಬಂದವರು ಮುಚ್ಚಳದ ಮೇಲೆ ಕಾಲಿಟ್ಟು ನಿಂತುಬಿಟ್ಟರು.

"ಇದರಾಗ ಮನುಷ್ಯಾ ಇಳಿಯಬಾರದ್ರಿ. ನಗರಸಭೆ ಗಾಡಿ ಕರಸ್ರಿ. ಇಲ್ಲಾಂದ್ರ ನಾನು ಇನ್ನ ನಿಮ್ಮ ಮನಿಗೆ ಬರೂದಿಲ್ಲ."

ಅಂಥ ಗುಂಡಿಗಳಲ್ಲಿ ವಿಷಾನಿಲ ತುಂಬಿರುತ್ತದೆ, ಪ್ರಾಣವಾಯು ಇರುವುದಿಲ್ಲ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ, ಮಾಡಿಸಿದವರಿಗೆ ಶಿಕ್ಷೆಯುಂಟು. ಕಾಯಿದೆಯ ಅರಿವು ನಮಗಿರಲಿಲ್ಲವೆಂದು ಹೇಳಬಹುದು. ಆದರೆ ಆ ಹುಡುಗ ನಮ್ಮ ಮೊಮ್ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವನೆಂಬುದು ಕಣ್ಣಿಗೆ ಕಾಣುತ್ತಿತ್ತಲ್ಲವೆ?

ಮರುದಿನ ಹೀರುಯಂತ್ರದ ಗಾಡಿ ಬಂದಿತು, ಕೆಲಸ ಮುಗಿಯಿತು. ಹುಡುಗ ಆ ಹಿರಿಯರ ಚೀಲ ಹೊತ್ತುಕೊಂಡು ಅವರೊಡನೆ ಹೋದ. ಈಗ ಅವನೇ ನಮ್ಮ ಮನೆಯ ನಳ ನೋಡಿಕೊಳ್ಳುತ್ತಾನೆ.

ವಿಶ್ವಾಸಾರ್ಹ ಕೆಲಸಗಾರನೆಂದರೆ ಕರೆದಾಗ ಬರುವವನೆಂದು ನಾನು ತಿಳಿದಿದ್ದೆ. ಮಾಡಬಾರದುದನ್ನು ಮಾಡೆನೆಂದು ಹೇಳಬಲ್ಲವನೂ ಅವನೇ ಎಂಬುದು ಆಮೇಲೆ ತಿಳಿಯಿತು. ಅಡುಗೆಮನೆಯ ಕದದ ಹಿಂದಿನ ಕ್ಯಾಲೆಂಡರಿನ ಮೇಲೆ ಇಬ್ಬರ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಮಾಳಿಗೆಯ ವಾಲ್ವಿಗೆ ಕೆಂಪು ಬಣ್ಣ ಹಚ್ಚಿದೆ. ಪ್ರತಿ ವರ್ಷ ನೀರು ತುಂಬುವ ಹಬ್ಬದ ಸಂಜೆ ಮೊಮ್ಮಕ್ಕಳು ಸರದಿಯ ಮೇಲೆ ಅದನ್ನು ತಿರುಗಿಸಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಈಗ ಅದೂ ಹಬ್ಬದ ಶಾಸ್ತ್ರ.